ಕಿವಿಯಲ್ಲಿ ಎಣಿಸುವವನು

ನಮ್ಮ ಡ್ರಮ್ಮರ್ ವಾರದಲ್ಲಿ ಆರು ದಿನ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಭಾನುವಾರ ಮಧ್ಯಾಹ್ನ ಮಾತ್ರ ಡ್ರಮ್ ಬಾರಿಸುತ್ತಾನೆ. ಅವನ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಗೆ ಶಟರ್ ಹಾಕಿದ ಜಾಗ. ಗಿರಾಕಿ ಒಳಗೆ ಬರಬೇಕಾದರೆ ಒಂದು ಯಂತ್ರ ಹೊರಗೆ ಹೋಗಬೇಕು. ಯಾವ ಯಂತ್ರ ಬಂದರೂ ಮೊದಲು ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, ಹೊಲಿಗೆ ಎಲ್ಲಿ ತಪ್ಪುತ್ತಿದೆ ಎಂದು ಹೇಳಿಬಿಡುತ್ತಾನೆ. ಬಿಚ್ಚಿ ನೋಡುವುದು ಆಮೇಲೆ. ವಯಸ್ಸು ಐವತ್ತಾರು, ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಇಂಥವರನ್ನು ಜನ ಮೊದಲು ಒಳ್ಳೆಯವರು ಅನ್ನುತ್ತಾರೆ, ಆಮೇಲೆ ತಲೆಯ ಮೇಲೆ ಕೂರುತ್ತಾರೆ. ನಾನೂ ಕೂತವನೇ, ಸುಳ್ಳು ಯಾಕೆ ಹೇಳಲಿ.

ನಾನು ಅದೇ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಒಂದು ಹೋಟೆಲಿನ ಊಟದ ಹಾಲಿನಲ್ಲಿ ನಮ್ಮ ಕಾರ್ಯಕ್ರಮ. ಜನ ಉಣ್ಣುತ್ತಾರೆ, ಹೊಟ್ಟೆ ತುಂಬಿದವರು ಎದ್ದು ಕುಣಿಯುತ್ತಾರೆ. ತಟ್ಟೆ ಚಮಚಗಳ ಗಲಾಟೆಯಲ್ಲಿ ನಾವು ನುಡಿಸಿದ್ದು ನಮಗೇ ಕೇಳುವುದಿಲ್ಲ. ಅದಕ್ಕಾಗಿ ಎಲ್ಲರ ಕಿವಿಗೂ ಇಯರ್‌ಫೋನ್ ಬಂತು. ಅದನ್ನು ತಂದವನು ಡ್ರಮ್ಮರನ ಅಣ್ಣ. ಬ್ಯಾಂಡ್ ಕಟ್ಟಿದವನೂ ಅವನೇ, ಬೇಸ್ ಗಿಟಾರ್ ನುಡಿಸುತ್ತಿದ್ದವನೂ ಅವನೇ. ನಮಗೆಲ್ಲ ಅವನು ಅಣ್ಣನೇ, ಬೇರೆ ಹೆಸರಿನಿಂದ ಯಾರೂ ಕರೆದವರಲ್ಲ. ಹನ್ನೊಂದು ದಿನ ಮನೆಯ ಸ್ಟೋರ್ ರೂಮಿನಲ್ಲಿ ಕೂತು, ನಮ್ಮ ನಲವತ್ತಾರು ಹಾಡುಗಳಿಗೂ ತನ್ನ ದನಿಯಲ್ಲಿ ಎಣಿಕೆ ರೆಕಾರ್ಡ್ ಮಾಡಿದ. ಒಂದು, ಎರಡು, ಮೂರು, ನಾಲ್ಕು ಅಂದ ಕೂಡಲೇ ನಾವು ಶುರುಮಾಡಬೇಕು. ನಡುನಡುವೆ ಈಗ ಪಲ್ಲವಿ, ಈಗ ಚರಣ, ಈಗ ನಿಲ್ಲಿಸಿ ಎಂದು ಹೇಳುತ್ತಿದ್ದ. ಇದು ನಮ್ಮ ಕಿವಿಗೆ ಮಾತ್ರ, ಹಾಲಿನಲ್ಲಿ ಕೂತವರಿಗೆ ಹಾಡು ಮಾತ್ರ.

ತಮ್ಮ ಎಲ್ಲೆಲ್ಲಿ ನಿಧಾನ ಮಾಡುತ್ತಾನೆ ಎಂದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಆ ಜಾಗಗಳಲ್ಲೆಲ್ಲ, "ಮಂಕ, ಬೇಗ" ಎಂದು ಸೇರಿಸಿದ್ದ. ಚಿಕ್ಕಂದಿನಿಂದ ಅವನು ತಮ್ಮನನ್ನು ಕರೆಯುತ್ತಿದ್ದದ್ದು ಹಾಗೆಯೇ. ಮೊದಲ ಸಲ ಕಿವಿಯಲ್ಲಿ ಅದು ಬಂದಾಗ ನಾನು ವೇದಿಕೆಯ ಮೇಲೇ ನಕ್ಕುಬಿಟ್ಟೆ. ಡ್ರಮ್ಮರೂ ನಕ್ಕ.

ಎರಡು ವರ್ಷದ ಹಿಂದೆ ಅಣ್ಣ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಮೂರು ವಾರ ಕಳೆದು ನಾವು ಮತ್ತೆ ವೇದಿಕೆ ಹತ್ತಿದೆವು. ಬೇಸ್ ನನ್ನ ಎಡಗೈ ಪಾಲಿಗೆ ಬಂತು. ಮೊದಲಿನಿಂದಲೂ ಮಿಕ್ಸರ್ ಮುಂದೆ ಕೂತು ಸೌಂಡ್ ನೋಡಿಕೊಳ್ಳುತ್ತಿದ್ದವರು ಅಣ್ಣನ ಹೆಂಡತಿ. ನನಗೂ ಅವರು ಅತ್ತಿಗೆಯೇ. ಅವತ್ತೂ ಎಂದಿನಂತೆ ಬಂದು ಕೂತು, ಎಂದಿನಂತೆ ಗುಂಡಿ ಒತ್ತಿದರು. ಕಿವಿಯಲ್ಲಿ ಅಣ್ಣ, "ಒಂದು" ಅಂದ. ಎರಡು, ಮೂರು ಅಂದ, ನಾಲ್ಕರ ಮೊದಲು ಅವನು ಉಸಿರೆಳೆದುಕೊಂಡದ್ದೂ ಕೇಳಿಸಿತು. ಮುಂದೆ ನೂರು ಜನ ಉಣ್ಣುತ್ತಿದ್ದರು. ನಾಲ್ಕು ಅಂದ ಕೂಡಲೇ ನಾವು ನುಡಿಸಿದೆವು, ಬೇರೇನು ಮಾಡುವುದು.

ಆ ದನಿಯನ್ನು ತೆಗೆದುಬಿಡೋಣ ಎಂದು ಯಾರೂ ಹೇಳಲಿಲ್ಲ. ಹೇಳಲು ಯಾರಿಗೆ ಬಾಯಿ ಬರುತ್ತದೆ? ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ, ನಾವು ಸತ್ತವನ ಎಣಿಕೆಗೆ ಒಗ್ಗಿಕೊಂಡೆವು. ಏಳನೆಯ ಹಾಡಿನ ನಡುವೆ ಅವನು ಕೆಮ್ಮುತ್ತಾನೆ. ಇಪ್ಪತ್ತನೆಯದರ ಕೊನೆಯಲ್ಲಿ ಅವನ ಕುರ್ಚಿ ಕಿರ್ ಎನ್ನುತ್ತದೆ, ಎದ್ದು ಬರುತ್ತಿದ್ದಾನೇನೋ ಅನ್ನಿಸುತ್ತದೆ. ಡ್ರಮ್ಮರ್ ಮಾತ್ರ ಪ್ರತಿ ಸಲ ಮಂಕ ಎಂದು ಕಿವಿಗೆ ಬಿದ್ದಾಗ ತುಟಿ ಅಲ್ಲಾಡಿಸುತ್ತಿದ್ದ. ಹ್ಞೂ ಅಣ್ಣ ಎಂದು ಉತ್ತರ ಕೊಡುತ್ತಿದ್ದಾನೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ತಿಳಿದ ಮೇಲೆ ಅವನ ಮುಖ ನೋಡುವುದನ್ನೇ ಬಿಟ್ಟೆ.

ಹೋದ ವರ್ಷ ಹೊಸ ಗಿಟಾರಿನವನು ಸೇರಿದ. ಮೂವತ್ತರ ಆಸುಪಾಸು, ಹಾಡುವುದೂ ಅವನೇ. ಕೈ ಬಂಗಾರ, ನಾಲಿಗೆಗೆ ಮಾತ್ರ ಲಗಾಮಿಲ್ಲ. ಅವನ ಕಾಲ ಬಳಿ ಒಂದು ಪೆಡಲ್ ಇದೆ. ಅದನ್ನು ಒತ್ತಿ ಮಾತಾಡಿದರೆ ಹಾಲಿಗೆ ಕೇಳುವುದಿಲ್ಲ, ನಮ್ಮ ಕಿವಿಗೆ ಮಾತ್ರ ಬರುತ್ತದೆ. ಮುಂದಿನ ಹಾಡು ಯಾವುದು ಎಂದು ತಿಳಿಸಲು ಇಟ್ಟ ಸೌಕರ್ಯ. ಅವನು ಅದನ್ನು ಬಳಸಿದ್ದೇ ಬೇರೆಯದಕ್ಕೆ. ಜನರತ್ತ ಮುಗುಳ್ನಗುತ್ತಲೇ ಪೆಡಲ್ ಒತ್ತಿ, ಮಂಕ, ನಿದ್ದೆಯಾ ಎಂದು ಕೇಳುತ್ತಿದ್ದ. ಮಂಕ, ಹೊಲಿಗೆ ಹಾಕ್ತಿದ್ದೀಯಾ, ಡ್ರಮ್ ಹೊಡೀತಿದ್ದೀಯಾ ಎನ್ನುತ್ತಿದ್ದ. ತನಗಿಂತ ಇಪ್ಪತ್ತೈದು ವರ್ಷ ದೊಡ್ಡವನಿಗೆ ಈ ಮಾತು. ಹೊರಗಿನವರು ನೋಡಿದರೆ ಮೂವರು ಗೆಳೆಯರು ನಗುನಗುತ್ತಾ ನುಡಿಸುತ್ತಿದ್ದಾರೆ ಎಂದುಕೊಳ್ಳಬೇಕು. ಒಂದು ಕಿವಿಯಲ್ಲಿ ಸತ್ತವನು, ಇನ್ನೊಂದರಲ್ಲಿ ಇವನು, ಇಬ್ಬರೂ ಕರೆಯುವುದು ಒಂದೇ ಹೆಸರು. ಕೆಲವೊಮ್ಮೆ ಈಗ ಕರೆದದ್ದು ಯಾರು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಡ್ರಮ್ಮರನ ಅಂಗಡಿಗೆ ಹೋಗಿ ಕೇಳಿಯೇಬಿಟ್ಟೆ, ಇಷ್ಟೆಲ್ಲ ಅನ್ನಿಸಿಕೊಂಡು ಯಾಕೆ ಇದ್ದೀಯ, ಬಿಟ್ಟು ಬೇರೆ ಕಡೆ ಬಾರಿಸಬಹುದಲ್ಲ ಎಂದು. ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಲಿಲ್ಲ.

"ಬಿಟ್ಟು ಹೋದ್ರೆ ಅಣ್ಣನ ದನಿ ಎಲ್ಲಿ ಕೇಳ್ಲಿ?" ಅಂದ.

ರೆಕಾರ್ಡಿಂಗ್ ಮನೆಯಲ್ಲಿಟ್ಟುಕೊಂಡು ಕೇಳು ಎಂದೆ. ಅತ್ತಿಗೆ ಒಂದು ಪ್ರತಿ ಕೊಟ್ಟಿದ್ದರಂತೆ, ಒಂದೇ ದಿನ ಕೇಳಿ ವಾಪಸು ಕೊಟ್ಟಿದ್ದನಂತೆ.

"ಮನೇಲಿ ಕೇಳಿದ್ರೆ ಸತ್ತಿದ್ದಾನೆ. ಅಲ್ಲಿ ಕೇಳಿದ್ರೆ ನಮ್ಮನ್ನ ನುಡಿಸ್ತಿದ್ದಾನೆ."

ಅಣ್ಣನ ದನಿ ಬೇಕಾದರೆ ಆ ಗಿಟಾರಿನವನ ಮಾತನ್ನೂ ನುಂಗಬೇಕು, ಇದೇ ಅವನ ಲೆಕ್ಕ. ಒಂದು ವರ್ಷ ನುಂಗಿದ. ಗಿಟಾರಿನವನಿಗೆ ಒಂದು ಮಾತು ಹೇಳಬಹುದಾಗಿದ್ದ ನಾನು, ಊರ ಉಸಾಬರಿ ನನಗೇಕೆ ಎಂದು ತೆಪ್ಪಗಿದ್ದೆ.

ಒಂದು ಭಾನುವಾರ ಹಾಲ್ ಕಿಕ್ಕಿರಿದಿತ್ತು. ಮೂರನೆಯ ಹಾಡಿನಲ್ಲಿ ಡ್ರಮ್ಮರ್ ಚರಣಕ್ಕೆ ಅರ್ಧ ಏಟು ತಡವಾಗಿ ಬಂದ. ಕೇಳುವವರಿಗೆ ತಿಳಿಯುವಂಥದ್ದಲ್ಲ. ಕಿವಿಯಲ್ಲಿ ಅಣ್ಣ ಎಂದಿನಂತೆ ಮಂಕ, ಬೇಗ ಅಂದ. ಹಾಡು ಮುಗಿಯಿತು. ಗಿಟಾರಿನವನು ಅವತ್ತು ಪೆಡಲ್ ಒತ್ತಲಿಲ್ಲ, ಹಾಲಿನ ಮೈಕಿನಲ್ಲೇ ಹೇಳಿದ.

"ನಮ್ಮ ಡ್ರಮ್ಮರ್ ಮಂಕ ಅವರಿಗೆ ಜೋರಾಗಿ ಒಂದು ಚಪ್ಪಾಳೆ ಕೊಡಿ. ಪಾಪ, ಎಚ್ಚರ ಆಗ್ಲಿ."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮುಂದಿನ ಮೇಜಿನ ಮಕ್ಕಳು ಮಂಕ, ಮಂಕ ಎಂದು ಮೇಜು ಗುದ್ದಿದವು. ಕಿವಿಯ ಒಳಗಿದ್ದ ಹೆಸರು ಅವತ್ತು ಹೊರಗೆ ಬಂತು. ನನಗೆ ನಾಚಿಕೆಯಾಯಿತು, ಅವನಿಗೆ ಏನಾಯಿತೋ ತಿಳಿಯಲಿಲ್ಲ.

ಅತ್ತಿಗೆ ನಾಲ್ಕನೆಯ ಹಾಡಿನ ಗುಂಡಿ ಒತ್ತಿದರು. ಒಂದು, ಎರಡು, ಮೂರು ಎಂದು ಬಂತು. ನಾಲ್ಕು ಬರಲಿಲ್ಲ. ನಾವು ಕೈ ಎತ್ತಿಕೊಂಡು ಕಾದೆವು. ಕಿವಿಯಲ್ಲಿ ರೆಕಾರ್ಡಿಂಗ್ ನಿಂತ ಮೌನವಲ್ಲ ಅದು. ಯಾರೋ ಬಾಯಿ ತೆರೆದು, ಹೇಳದೆ ತಡೆದುಕೊಂಡ ಹಾಗಿತ್ತು. ನಾನು ಅತ್ತಿಗೆಯನ್ನು ನೋಡಿದೆ. ಅವರು ಎರಡೂ ಕೈಗಳನ್ನು ಮೇಲೆತ್ತಿ, ನಾನೇನೂ ಮುಟ್ಟಿಲ್ಲ ಎಂದು ಸನ್ನೆ ಮಾಡಿದರು. ಜನರ ನಗು ಕರಗಿ ಹಾಲ್ ನಿಶ್ಶಬ್ದವಾಯಿತು.

ಡ್ರಮ್ಮರ್ ಎರಡೂ ಕಿವಿಯ ಇಯರ್‌ಫೋನ್ ತೆಗೆದು ಕೊರಳಿಗೆ ಇಳಿಬಿಟ್ಟ. ದನಿ ಎತ್ತರಿಸದೆ ಮಾತಾಡಿದ, ವೇದಿಕೆಯ ಮೇಲಿದ್ದ ನಮಗೆ ಮಾತ್ರ ಕೇಳುವಷ್ಟು.

"ನೋಡಪ್ಪ, ನಿನ್ನ ಕೈ ಚೆನ್ನಾಗಿದೆ. ತಪ್ಪಿದ್ರೆ ತಪ್ಪು ಅಂತ ಹೇಳು, ತಿದ್ಕೊಳ್ತೀನಿ. ಆ ಹೆಸರಲ್ಲಿ ಮಾತ್ರ ಇನ್ಮೇಲೆ ಕರೀಬೇಡ."

ಗಿಟಾರಿನವನು ಮೈಕಿನಿಂದ ಮುಖ ಸರಿಸಿದ. ಅವನ ಮುಖದಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಅರ್ಥವಾಗದವನ ಮುಖ ಅದು.

"ನಿಮ್ಮಣ್ಣ ಪ್ರತಿ ವಾರ ಅದನ್ನೇ ಕರೀತಾರಲ್ಲ. ನಾನು ಸೇರಿದ ದಿನದಿಂದ ಕೇಳ್ತಾ ಇದೀನಿ. ಅವರಿಗೆ ಯಾವತ್ತಾದ್ರೂ ಬೇಡ ಅಂದ್ರಾ?"

ನನಗೆ ಆಗ ಹೊಳೆಯಿತು. ಈ ಮನುಷ್ಯ ಬ್ಯಾಂಡಿಗೆ ಸೇರಿದ ದಿನವೇ ನಾವು ಅವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಡ್ರಮ್ಮರನನ್ನು ಹೀಗೆ ಕರೆಯಬೇಕು ಎಂದು ಪಾಠ ಹೇಳಿಕೊಟ್ಟಿದ್ದೆವು. ಅವನು ಕಲಿತ, ಅಷ್ಟೆ.

ಡ್ರಮ್ಮರ್ ಕೋಲುಗಳನ್ನು ಕೈಗೆತ್ತಿಕೊಂಡ. ಆಮೇಲೆ ತಾನೇ ಗಟ್ಟಿಯಾಗಿ ಎಣಿಸಿದ.

"ಒಂದು. ಎರಡು. ಮೂರು. ನಾಲ್ಕು."

ಅದು ಅವನ ದನಿಯಾಗಿರಲಿಲ್ಲ. ಅಣ್ಣ ತಮ್ಮಂದಿರ ದನಿ ಒಂದೇ ಥರ ಇರುತ್ತದೆ ಎಂದು ನೀವು ಹೇಳಬಹುದು. ಹನ್ನೆರಡು ವರ್ಷ ಅವರಿಬ್ಬರ ನಡುವೆ ನಿಂತವನು ನಾನು, ಒಂದು ದಿನವೂ ಹಾಗೆ ಅನ್ನಿಸಿರಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಉಸಿರೆಳೆಯುವ ಆ ರೀತಿ ಸಹ ಅದೇ. ಅತ್ತಿಗೆ ಕುರ್ಚಿಯಿಂದ ಎದ್ದುನಿಂತರು, ಮತ್ತೆ ಗುಂಡಿ ಒತ್ತಲಿಲ್ಲ. ನನ್ನ ಕೈಗಳು ನನ್ನನ್ನು ಕೇಳದೆಯೇ ನುಡಿಸತೊಡಗಿದವು. ಅವತ್ತು ಮುಂದಿನ ಒಂಬತ್ತು ಹಾಡುಗಳಿಗೂ ಅವನೇ ಎಣಿಸಿದ, ಈಗ ಪಲ್ಲವಿ, ಈಗ ನಿಲ್ಲಿಸಿ ಎಂದು ಹಿಂದಿನಿಂದ ಹೇಳುತ್ತಾ ಹೋದ. ನಾವು ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ. ನಾನು ಒಮ್ಮೆಯೂ ಹಿಂದೆ ತಿರುಗಲಿಲ್ಲ. ತಿರುಗಿದರೆ ಡ್ರಮ್ ಹಿಂದೆ ಕೂತಿರುವವನು ಯಾರಾಗಿರುತ್ತಾನೋ ಎಂಬ ಭಯ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೊನೆಯ ಹಾಡಿನಲ್ಲಿ ಗಿಟಾರಿನವನ ಬೆರಳು ಬೆವರಿಗೆ ಜಾರಿ ಒಂದು ಕಡೆ ತಡವಾಯಿತು. ಹಿಂದಿನಿಂದ ಆ ದನಿ ಬಂತು.

"ಮಂಕ, ಬೇಗ."

ಗಿಟಾರಿನವನ ಬೆನ್ನು ಸೆಟೆಯಿತು. ಬರೆ ಹಾಕಿಸಿಕೊಂಡವನ ಹಾಗೆ ಮುಂದಿನ ಸಾಲುಗಳನ್ನೆಲ್ಲ ಒಂದು ತಪ್ಪಿಲ್ಲದೆ ನುಡಿಸಿದ.

ಹಾಲ್ ಖಾಲಿಯಾಯಿತು. ಡ್ರಮ್ಮರ್ ಸ್ಟೂಲಿನ ಮೇಲೆಯೇ ಕೂತಿದ್ದ. ಗಿಟಾರಿನವನು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಅವನ ಮುಂದೆ ಬಂದು ಕೈಕಟ್ಟಿ ನಿಂತ. ಕಣ್ಣೆತ್ತಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

"ತಪ್ಪಾಯ್ತು, ಅಣ್ಣ," ಅಂದ.

ಡ್ರಮ್ಮರ್ ಕೆಂಡ ಮುಟ್ಟಿದವನಂತೆ ಎದ್ದ. "ಅಣ್ಣ ಅನ್ನಬೇಡ. ನನ್ನನ್ನ ಅಣ್ಣ ಅನ್ನಬೇಡ," ಅಂದ. ಗಿಟಾರಿನವನು ಇನ್ನಷ್ಟು ಹೆದರಿ ಹೊರಟುಹೋದ. ಒಂದು ವರ್ಷ ಬಾಯಿ ಮುಚ್ಚಿಕೊಂಡು ಇದ್ದಾಗ ಸಿಗದ ಮರ್ಯಾದೆ, ನಯವಾಗಿ ಹೇಳಿದಾಗಲೂ ಸಿಗದ ಮರ್ಯಾದೆ, ಎರಡು ಶಬ್ದದ ಬೈಗುಳಕ್ಕೆ ಸಿಕ್ಕಿತ್ತು. ಡ್ರಮ್ಮರನಿಗೆ ಅದು ಬೇಕಿರಲಿಲ್ಲ.

ಅವನು ನೆಟ್ಟಗೆ ಮಿಕ್ಸರ್ ಬಳಿ ಹೋದ. ಅತ್ತಿಗೆ ಕೇಬಲ್ ಸುತ್ತುತ್ತಿದ್ದರು.

"ಅತ್ತಿಗೆ, ಅದನ್ನ ಅಂದಾಗ ನಂಗೆ ಖುಷಿಯಾಯ್ತು. ಅವನ ಬೆನ್ನು ಸೆಟೆದಿದ್ದು ನೋಡಿ ತುಂಬ ಖುಷಿಯಾಯ್ತು. ಅಣ್ಣನಿಗೂ ಹೀಗೇ ಆಗ್ತಿತ್ತಾ?"

ಅತ್ತಿಗೆ ಕೇಬಲ್ ಸುತ್ತುವುದನ್ನು ನಿಲ್ಲಿಸಲಿಲ್ಲ. ಎರಡು ಸುತ್ತು ಸುತ್ತಿದ ಮೇಲೆ ಉತ್ತರ ಕೊಟ್ಟರು.

"ಆಗ್ತಿತ್ತು. ನಿನ್ನ ಮೇಲೆ ಪ್ರೀತಿನೂ ಇತ್ತು ಕಣೋ. ಎರಡೂ ಇತ್ತು."

ಅವನು ಅಲ್ಲೇ ನೆಲದ ಮೇಲೆ ಕೂತ. ಐವತ್ತಾರು ವರ್ಷದ ಮನುಷ್ಯ, ಚಿಕ್ಕ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತ. ಅಣ್ಣ ಸತ್ತ ದಿನ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಅತ್ತು ಮುಗಿಸಿ, ಅಣ್ಣನ ದನಿ ಅಳಿಸಿಬಿಡಿ ಅಂದ. ಅತ್ತಿಗೆ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ನಲವತ್ತಾರು ಹಾಡುಗಳ ಎಣಿಕೆಯನ್ನೂ ಅವನೇ ಒಂದೊಂದಾಗಿ ಅಳಿಸಿದ. ಒಟ್ಟಿಗೆ ಅಳಿಸಬಹುದು ಎಂದು ನಾನು ಹೇಳಲಿಲ್ಲ. ಅವತ್ತಿನ ನಾಲ್ಕನೆಯ ಹಾಡಿನದನ್ನು ಅಳಿಸುವ ಮೊದಲು ಅತ್ತಿಗೆ ಒಮ್ಮೆ ಕೇಳಿಸಿದರು. ಅದರಲ್ಲಿ ಮೂರರ ಮುಂದೆ ನಾಲ್ಕು ಇತ್ತು, ಸ್ಪಷ್ಟವಾಗಿ ಇತ್ತು. ಅವನು ಅದನ್ನೂ ಅಳಿಸಿದ.

ಈಗ ಹಾಡು ಶುರುವಾಗುವ ಮೊದಲು ಅವನು ಎರಡು ಕೋಲುಗಳನ್ನು ನಾಲ್ಕು ಸಲ ತಾಗಿಸುತ್ತಾನೆ. ಬಾಯಿಬಿಟ್ಟು ಎಣಿಸು ಎಂದರೆ ತಲೆ ಅಲ್ಲಾಡಿಸುತ್ತಾನೆ. ವೇದಿಕೆಯ ಮೇಲೆ ಹತ್ತಿದವನು ಇಳಿಯುವ ತನಕ ಒಂದು ಮಾತೂ ಆಡುವುದಿಲ್ಲ, ತುಟಿ ಕಚ್ಚಿಕೊಂಡೇ ಇರುತ್ತಾನೆ. ಬಾಯಿ ತೆರೆದರೆ ಯಾರು ಮಾತಾಡುತ್ತಾರೋ ಎಂಬ ಹೆದರಿಕೆ ಅವನಿಗೆ.