ಬಿಸ್ಕೀಟಿಗೆ ಶಾಸ್ತ್ರವಿಲ್ಲ

ನಮ್ಮವ್ವ ಮಾಡಿದ ಪಲ್ಯವನ್ನು ಬೇಡ ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಹಾನಗಲ್ಲಿನ ನಮ್ಮ ಮನೆಯಲ್ಲಿ ಎರಡು ಹೊತ್ತೂ ಒಂಬತ್ತು ಜನರ ಊಟ. ಆಯಿ, ಅಂದರೆ ಅಪ್ಪನ ತಾಯಿ. ದೊಡ್ಡಪ್ಪ, ದೊಡ್ಡವ್ವ, ಅವರ ಮೂವರು ಗಂಡುಮಕ್ಕಳು. ಆಮೇಲೆ ಅವ್ವ, ಅಕ್ಕ, ನಾನು. ಅಷ್ಟೂ ಜನರಿಗೆ ಪಲ್ಯ ಮಾಡುವುದು ಅವ್ವನ ಪಾಲಿನ ಕೆಲಸ. ಈಳಿಗೆಯ ಮುಂದೆ ಕೂತಳೆಂದರೆ ಬದನೆಕಾಯಿ ತೊಟ್ಟು ಕಳಚದಂತೆ ನಾಲ್ಕು ಸೀಳಾಗಿ, ಗುರೆಳ್ಳಿನ ಪುಡಿ ತುಂಬಿಕೊಂಡು ಎಣ್ಣೆಗಾಯಿ ಆಗುತ್ತಿತ್ತು. ಹೀರೇಕಾಯಿ ಪಲ್ಯವಾದರೆ ಅದರ ಸಿಪ್ಪೆ ಚಟ್ನಿಯಾಗುತ್ತಿತ್ತು. ಚವಳಿಕಾಯಿಯನ್ನು ಕಂಡರೆ ಮುಖ ತಿರುಗಿಸುವ ದೊಡ್ಡಪ್ಪ ಅವ್ವನ ಚವಳಿಕಾಯಿ ಪಲ್ಯಕ್ಕೆ ಇನ್ನೊಂದು ರೊಟ್ಟಿ ಕೇಳುತ್ತಿದ್ದ.

ಹಬ್ಬ ಬಂತೆಂದರೆ ಮಾತ್ರ ಅದೇ ಕೈ ಆಗಿಬರದ ಕೈ.

ನನಗೆ ಆರು ವರ್ಷ, ಅಕ್ಕನಿಗೆ ಹತ್ತು ವರ್ಷ ಇದ್ದಾಗ ಅಪ್ಪ ತೀರಿಕೊಂಡ. ಅದಾದ ಮೊದಲ ಯುಗಾದಿಗೆ ಅವ್ವ ಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ತಿರುವಲು ಕೂತಿದ್ದಳು. ಆಯಿ ಬಂದು ಪಾತ್ರೆಯನ್ನು ದೊಡ್ಡವ್ವನಿಂದ ಎತ್ತಿಸಿದಳು. "ನೀ ಪಲ್ಯಾ ನೋಡಿಕೋ. ಹೂರಣಕ್ಕ ಕೈ ಹಚ್ಚಬ್ಯಾಡ" ಎಂದಳು. ಅವ್ವ ಎದ್ದು ಹೋಗಿ ಈಳಿಗೆಯ ಮುಂದೆ ಕೂತಳು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಈಗಲೂ ಅಲ್ಲ. ಅಲ್ಲೇ ಕೇಳಿದೆ.

"ಆಯಿ, ಪಲ್ಯಾಕ್ಕ ನಡಿಯೂ ಕೈ ಹೋಳಿಗಿಗೆ ಯಾಕ ನಡಿಯಂಗಿಲ್ಲ?"

"ಸಿಹಿ ಅಂದ್ರ ಶುಭ. ಗಂಡನ್ನ ಕಳಕೊಂಡಾಕಿ ಶುಭಕ್ಕ ಕೈ ಹಚ್ಚಬಾರದು. ಅದು ಶಾಸ್ತ್ರ."

"ಹಂಗಾರ ನಾವು ದಿನಾ ತಿನ್ನೂದು ಅಶುಭನ?"

ಲಟ್ಟಣಿಗೆ ನನ್ನ ಕಿವಿಯ ಪಕ್ಕದಲ್ಲೇ ಹಾದು ಬಾಗಿಲಿಗೆ ಬಡಿಯಿತು. ಆಯಿಯ ಗುರಿ ಅಷ್ಟು ಒಳ್ಳೆಯದಿರಲಿಲ್ಲ, ಅದು ನನ್ನ ಪುಣ್ಯ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರು ಅವ್ವನ ಕೈಗೆ, ಮೊಸರು ಉಳಿದವರ ಬಾಯಿಗೆ.

ಒಂದು ಮಾತು ಹೇಳಬೇಕು. ಆಯಿಯೂ ಗಂಡನನ್ನು ಕಳೆದುಕೊಂಡವಳೇ. ಇಪ್ಪತ್ತೆಂಟನೆಯ ವಯಸ್ಸಿನಿಂದ ಅವಳೂ ಹೂರಣ ಮುಟ್ಟಿರಲಿಲ್ಲ. ಹಬ್ಬದ ದಿನ ದೂರದಲ್ಲಿ ಮಣೆ ಹಾಕಿಕೊಂಡು ಕೂತು, ದೊಡ್ಡವ್ವನಿಗೆ ಬೆಲ್ಲ ಎಷ್ಟು, ಏಲಕ್ಕಿ ಎಷ್ಟು ಎಂದು ಬಾಯಲ್ಲೇ ಹೇಳುತ್ತಿದ್ದಳು. ಅವಳನ್ನು ನೆನೆದರೆ ನನಗೆ ಮರುಕ ಬರುತ್ತದೆ, ಸಿಟ್ಟೂ ಬರುತ್ತದೆ. ಸಿಟ್ಟೇ ಒಂದು ಚೂರು ಹೆಚ್ಚು. ತನಗೆ ಕಟ್ಟಿದ ಹಗ್ಗದ ನೋವು ಗೊತ್ತಿದ್ದೂ ಅದನ್ನೇ ಸೊಸೆಗೆ ಕಟ್ಟಿದಳಲ್ಲ!

ಅವ್ವನ ತವರು ಸವಣೂರು. ಬೇಸಿಗೆ ರಜೆಗೆ ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆವು. ತವರುಮನೆಯ ಹಿಂದಿನ ಓಣಿಯಲ್ಲಿ ಒಂದು ಬ್ರೆಡ್ಡಿನ ಭಟ್ಟಿ ಇತ್ತು. ಮುಂಜಾನೆ ಬ್ರೆಡ್ಡು ತೆಗೆದ ಮೇಲೆ ಭಟ್ಟಿಯಲ್ಲಿ ಇನ್ನೂ ಕಾವು ಉಳಿದಿರುತ್ತಿತ್ತು. ಆಗ ಓಣಿಯ ಹೆಣ್ಣುಮಕ್ಕಳು ಮನೆಯಿಂದಲೇ ಮೈದಾ, ಸಕ್ಕರೆ, ವನಸ್ಪತಿ ತಂದು ಅಲ್ಲೇ ನಾದಿ, ಉಂಡೆ ಕಟ್ಟಿ, ತಗಡಿನ ತಟ್ಟೆಗಳಲ್ಲಿ ಜೋಡಿಸಿ ಬಿಸ್ಕೀಟು ಸುಡಿಸಿಕೊಳ್ಳುತ್ತಿದ್ದರು. ರಂಜಾನ್ ಹತ್ತಿರ ಬಂದರೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಪಕ್ಕದ ಮನೆಯ ಬೀಬಿ ಒಂದು ದಿನ ಅವ್ವನನ್ನೂ ಕರೆದುಕೊಂಡು ಹೋದಳು. ಅಕ್ಕ, ನಾನು ಹಿಂದೆ ಹಿಂದೆ ಓಡಿದೆವು.

ಭಟ್ಟಿಯ ಯಜಮಾನರು ಬಿಳಿ ಗಡ್ಡದ ಸಾಬರು. ಎಲ್ಲರ ಬಿಸ್ಕೀಟೂ ಒಂದೇ ಭಟ್ಟಿಯೊಳಗೆ ಹೋಗಿ ಬರುವುದರಿಂದ ಯಾರದು ಯಾವುದು ಎಂದು ಜಗಳವಾಗಬಾರದಲ್ಲ, ಅದಕ್ಕೆ ಒಂದೊಂದು ಮನೆಗೂ ಒಂದೊಂದು ಗುರುತು. ಹೆಚ್ಚಿನವರು ಕೈಯ ಬಳೆಯ ಅಂಚನ್ನು ಹಿಟ್ಟಿಗೆ ಒತ್ತುತ್ತಿದ್ದರು. ಸಾಬರು ಅವ್ವನ ತಟ್ಟೆಯ ಮುಂದೆ ನಿಂತು, "ನಿಂದು ನಿಶಾನಿ ಹಾಕವಾ, ಬಳಿ ಒತ್ತು" ಎಂದರು. ಹಾಗೆಂದ ಮೇಲೆ ಅವ್ವನ ಬರಿಗೈ ನೋಡಿ ಸಾಬರ ಮುಖ ಸಪ್ಪಗಾಯಿತು. ಬೀಬಿ ತನ್ನ ಬಳೆ ಬಿಚ್ಚಿಕೊಡಲು ಹೋದಳು.

"ಬ್ಯಾಡವಾ, ನಂದ ನಂಗೈತಿ" ಎಂದು ಅವ್ವ ಒಂದೊಂದು ಉಂಡೆಯ ನಡುವೆಯೂ ತನ್ನ ಹೆಬ್ಬೆರಳು ಒತ್ತುತ್ತಾ ಹೋದಳು. ಅವಳ ಬಲಗೈ ಹೆಬ್ಬೆರಳಿಗೆ ಕುಂಬಳಕಾಯಿ ಹೆಚ್ಚುವಾಗ ಈಳಿಗೆ ತಗುಲಿ ಓರೆಯಾಗಿ ಒಂದು ಗಾಯವಾಗಿತ್ತು. ಮಾಸಿದ ಮೇಲೂ ಗೀಟು ಉಳಿದಿತ್ತು. ಭಟ್ಟಿಯಿಂದ ಹೊರಬಂದಾಗ ಪ್ರತಿ ಬಿಸ್ಕೀಟಿನ ಮೇಲೂ ಒಂದು ಕುಳಿ, ಕುಳಿಯಲ್ಲಿ ಒಂದು ಓರೆ ಗೀಟು. ಇಡೀ ಸವಣೂರಿನಲ್ಲಿ ಆ ಗುರುತು ಇನ್ನೊಬ್ಬರಿಗೆ ಇರಲಿಲ್ಲ.

ಅವ್ವನಿಗೆ ಓದು ಬರಹ ಬಾರದು. ಯಾವ ಕಾಗದವಿದ್ದರೂ ಅವಳು ಒತ್ತುತ್ತಿದ್ದುದು ಅದೇ ಹೆಬ್ಬೆಟ್ಟು. ದೊಡ್ಡಪ್ಪನ ಮಕ್ಕಳು "ಹೆಬ್ಬಟ್ಟ ಚಿಗವ್ವ" ಎಂದು ಆಡಿಕೊಂಡು ನಗುತ್ತಿದ್ದರು. ಆ ನಗುವಿಗೆ ನಾನು ಇಬ್ಬರನ್ನು ಕಚ್ಚಿದ್ದೇನೆ.

ಹಾನಗಲ್ಲಿಗೆ ಮರಳಿ ಡಬ್ಬಿಯ ಮುಚ್ಚಳ ತೆಗೆದಾಗ ಮನೆ ತುಂಬ ವಾಸನೆ. ಆಯಿ ಬಂದು ಬಗ್ಗಿ ನೋಡಿದಳು.

"ಯಾರ ಮಾಡಿದ್ದು?"

"ನಾ ಮಾಡೇನ್ರಿ, ಅತ್ತಿ."

"ಸಿಹಿ ಅಲ್ಲೇನು ಇದು?"

"ಬಿಸ್ಕೀಟ್ರಿ. ಚಾದ ಜೋಡಿ ತಿನ್ನೂದು. ಬಿಸ್ಕೀಟಿಗೆ ಯಾವ ಶಾಸ್ತ್ರ ಐತ್ರಿ?"

ಉಂಡಿಗೆ, ಕಡುಬಿಗೆ, ಕರ್ಚಿಕಾಯಿಗೆ ಯಾರ ಕೈ ಆಗಬೇಕೆಂದು ಆಯಿಗೆ ಬಾಯಿಪಾಠವಿತ್ತು. ಬಿಸ್ಕೀಟಿನ ಬಗ್ಗೆ ಅವಳ ಅತ್ತೆ ಏನನ್ನೂ ಹೇಳಿ ಹೋಗಿರಲಿಲ್ಲ. ಆಯಿ ಚಾಪೆ ಕೆಳಗೆ ನುಸುಳಿದರೆ ಅವ್ವ ರಂಗೋಲಿ ಕೆಳಗೆ ನುಸುಳಿದ್ದಳು. ದೊಡ್ಡಪ್ಪ ಆಗಲೇ ಚಹಾದಲ್ಲಿ ಒಂದು ಅದ್ದಿ ತಿಂದು ಎರಡನೆಯದಕ್ಕೆ ಕೈ ಹಾಕಿದ್ದ. ಅಂದಿನಿಂದ ಪಂಚಮಿಯ ಉಂಡಿಗಳ ಪಕ್ಕದಲ್ಲೂ, ದೀಪಾವಳಿಯ ಕರ್ಚಿಕಾಯಿಗಳ ಪಕ್ಕದಲ್ಲೂ, ನಮ್ಮೂರ ಭಟ್ಟಿಯಲ್ಲೇ ಸುಡಿಸಿಕೊಂಡು ಬಂದ ಅವ್ವನ ಹೆಬ್ಬೆಟ್ಟಿನ ಬಿಸ್ಕೀಟು ಇರುತ್ತಿತ್ತು. ಆಯಿ ಮೊದಲ ವರ್ಷ ಮುಟ್ಟಲಿಲ್ಲ. ಎರಡನೆಯ ವರ್ಷ ಹಲ್ಲಿಗೆ ಮೆತ್ತಗಿರುತ್ತದೆ ಎಂದು ಒಂದು ತಿಂದಳು. ಆಮೇಲೆ ಡಬ್ಬಿ ಅವಳ ಹಾಸಿಗೆಯ ತಲೆದೆಸೆಗೇ ಹೋಯಿತು.

ಗೆದ್ದೆವು ಎಂದೇ ನಾನು ಅಂದುಕೊಂಡಿದ್ದೆ. ಗೆದ್ದಿರಲಿಲ್ಲ ಎಂಬುದು ಅಕ್ಕನ ಕುಬಸದಲ್ಲಿ ತಿಳಿಯಿತು.

ಅಕ್ಕನನ್ನು ಹಿರೇಕೆರೂರಿನ ಹತ್ತಿರದ ಹಂಸಭಾವಿಗೆ ಕೊಟ್ಟಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳಿಗೆ ಏಳು ತಿಂಗಳು ತುಂಬಿತು. ಚೊಚ್ಚಲ ಬಸುರಿಗೆ ತವರಿನವರು ಸೀರೆ ಕುಬಸ ತೆಗೆದುಕೊಂಡು, ಬುತ್ತಿ ಕಟ್ಟಿಕೊಂಡು ಅವಳ ಗಂಡನ ಮನೆಗೆ ಹೋಗುವುದು ನಮ್ಮ ಕಡೆಯ ಪದ್ಧತಿ, ಅದಕ್ಕೇ ಕುಬಸ ಎನ್ನುವುದು. ಆಯಿ ಕೆಲಸ ಹಂಚಿದಳು. ನಾಲ್ಕು ಬಗೆಯ ಪಲ್ಯ ಅವ್ವನದು. ಸಿಹಿಗೆ ಓಣಿಯಿಂದ ಐವರು ಮುತ್ತೈದೆಯರನ್ನು ಕರೆಯುವುದು.

"ಬೇಕಾರ ನಿನ್ನ ಬಿಸ್ಕೀಟ್ ಡಬ್ಬಿ ಒಂದ ಇಡು" ಎಂದಳು ಆಯಿ, ದೊಡ್ಡ ಮನಸ್ಸು ಮಾಡಿದವಳ ಹಾಗೆ.

ಹೆತ್ತ ಮಗಳ ಕುಬಸದ ಹೋಳಿಗೆಗೆ ಹೆತ್ತವಳ ಕೈ ಬೇಡ! ನನಗೆ ತಡೆಯಲಾಗಲಿಲ್ಲ. ಮೂರು ದಿನದ ಹಿಂದೆ ಅಕ್ಕನ ಇನ್‌ಲ್ಯಾಂಡ್ ಪತ್ರ ಬಂದಿತ್ತು. ಅದನ್ನು ಗೂಟದಿಂದ ತೆಗೆದು, ಎಲ್ಲರೂ ಪಡಸಾಲೆಯಲ್ಲಿ ಕೂತಾಗ, "ಪತ್ರದ ಕೊನೆಗಿಂದು ಓದೂದ ಮರತಿದ್ದೆ" ಎಂದು ಗಟ್ಟಿಯಾಗಿ ಓದಿದೆ. "ನನಗ ಅವ್ವನ ಕೈಯಾನ ಶೇಂಗಾ ಹೋಳಿಗಿ ಭಾಳ ಬಯಕಿ ಆಗೈತಿ." ಪತ್ರದಲ್ಲಿ ಅಂಥ ಸಾಲೇ ಇರಲಿಲ್ಲ. ಬಸುರಿಯ ಬಯಕೆ ಮುರಿಯಬಾರದು ಎಂಬುದೂ ಶಾಸ್ತ್ರವೇ. ಒಂದು ಶಾಸ್ತ್ರದ ಮೇಲೆ ಇನ್ನೊಂದನ್ನು ಛೂ ಬಿಟ್ಟೆ, ಅಷ್ಟೇ.

ಆಯಿ ಯೋಚಿಸಿದಳು. "ಬಯಕಿ ಮುರದ್ರ ಕೂಸಿಗೆ ಒಳ್ಳೇದಲ್ಲ. ಆಕಿಗಷ್ಟ ಎರಡು ಮಾಡು. ಬ್ಯಾರೆ ಡಬ್ಬ್ಯಾಗ ಇಡು. ಮಂದಿಗೆ ಬಡಿಸೂದು ಮುತ್ತೈದ್ಯಾರು ಮಾಡ್ತಾರ."

ಎರಡಾದರೆ ಎರಡು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಅವ್ವ ಹೇಳಿದಳು.

"ಪತ್ರದಾಗ ಹಂಗ ಬರದಿಲ್ರಿ, ಅತ್ತಿ. ಈಕಿ ಸುಳ್ಳ ಓದಿದ್ಲು. ನನ್ನ ದೊಡ್ಡ ಮಗಳಿಗೆ ಶೇಂಗಾ ಅಂದ್ರ ಪಿತ್ತ. ಆಕಿ ಬಯಸಿದ್ರ ಎಳ್ಳ ಹೋಳಿಗಿ ಬಯಸ್ತಿದ್ಲು. ಶೇಂಗಾ ಹೋಳಿಗಿ ಈಕಿಗೆ ಬೇಕಾಗೈತಿ."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಸುಳ್ಳು ಹೇಳುವಾಗಲೂ ನನ್ನ ನಾಲಿಗೆ ತನಗೆ ಬೇಕಾದ ತಿಂಡಿಯನ್ನೇ ಹೇಳಿತ್ತು.

ಅವ್ವ ನಿಲ್ಲಿಸಲಿಲ್ಲ. "ನನಗ ಬಯಕಿ ನೆವಾ ಬ್ಯಾಡ್ರಿ. ಬಿಸ್ಕೀಟಿನ ನೆವಾನೂ ಸಾಕಾತು. ಆಕಿ ನಾ ಹಡದ ಮಗಳು. ಆಕಿ ಕುಬಸದ ಹೋಳಿಗಿ ನಾನ ಮಾಡಾಕಿ. ಎರಡಲ್ಲ, ಅಷ್ಟೂ."

"ಮಂದಿ ಏನಂತಾರ?"

"ಮಂದಿ ಇಷ್ಟು ವರ್ಷ ನನ್ನ ಪಲ್ಯಾ ತಿಂದಾರ್ರಿ. ಯಾರೂ ಸತ್ತಿಲ್ಲ."

ಅವ್ವ ಆಯಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಯಿ ಎದ್ದು ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟುಬಿಟ್ಟ, ಹೊಲದಲ್ಲಿ ಆಗ ಏನೂ ಕೆಲಸವಿರಲಿಲ್ಲ.

ಕುಬಸದ ಹಿಂದಿನ ದಿನ ಅವ್ವ ಎಳ್ಳು ಹುರಿದಳು, ಕುಟ್ಟಿದಳು, ಬೆಲ್ಲ ಬೆರೆಸಿದಳು. ಕಣಕ ನಾದಿದಳು. ಏಳು ವರ್ಷ ಸಿಹಿಯ ಹೂರಣ ಮುಟ್ಟದ ಕೈ ಒಂದು ಅಳತೆಯನ್ನೂ ಮರೆತಿರಲಿಲ್ಲ. ದೊಡ್ಡವ್ವ ಹಂಚಿನ ಮುಂದೆ ಕೂತು ಬೇಯಿಸಿಕೊಟ್ಟಳು. ಅವಳು ಕೆಟ್ಟವಳಲ್ಲ, ಅಂಜುಬುರುಕಿ. ಮೆಲ್ಲಗೆ ಅವ್ವನ ಕಿವಿಯ ಹತ್ತಿರ ಬಗ್ಗಿ, "ಹೆಂಗೂ ಆತು ಬಿಡು. ಅಲ್ಲಿ ಯಾರರ ಕೇಳಿದ್ರ ಐದು ಮಂದಿ ಮುತ್ತೈದ್ಯಾರು ಮಾಡೇವಿ ಅಂದ್ರಾತು" ಎಂದಳು.

ಅವ್ವನ ಕೈ ನಿಂತಿತು. ಹಂಚಿನಿಂದ ಆಗಷ್ಟೇ ಇಳಿದ ಹೋಳಿಗೆಯನ್ನು ಎತ್ತಿಕೊಂಡು, ಅದರ ಅಂಚಿಗೆ ಹೆಬ್ಬೆರಳು ಒತ್ತಿ ಹಿಡಿದಳು. ಸುಟ್ಟಿರಬೇಕು, ಅವಳು ಮುಖ ಕಿವುಚಲಿಲ್ಲ. ಆರಿದ ಮೇಲೆ ನೋಡಿದರೆ ಕುಳಿ, ಕುಳಿಯಲ್ಲಿ ಕಂಡೂ ಕಾಣದ ಓರೆ ಗೀಟು. ಆಮೇಲೆ ಒಂದನ್ನೂ ಬಿಡಲಿಲ್ಲ. ಬೆರಳನ್ನು ತಣ್ಣೀರಿಗೆ ಅದ್ದುವುದು, ಒತ್ತುವುದು, ಅದ್ದುವುದು, ಒತ್ತುವುದು. ಸಂಜೆಗೆ ಬೆರಳು ಕೆಂಪಗೆ ಊದಿತ್ತು. ನಾನು ಬೆಣ್ಣೆ ಹಚ್ಚಲು ಹೋದರೆ, "ಮೊದಲ ಆ ಪತ್ರಾ ಸರಿಯಾಗಿ ಓದು" ಎಂದು ಗದರಿದಳು.

ಆಯಿ ಆ ಹೋಳಿಗೆ ತಿನ್ನಲಿಲ್ಲ, ನಮ್ಮ ಜೊತೆ ಬರಲೂ ಇಲ್ಲ. ಸಾಯುವವರೆಗೂ ಅವ್ವನ ಕೈಯ ಬಿಸ್ಕೀಟು ತಿಂದಳೇ ಹೊರತು ಹೋಳಿಗೆ ಮುಟ್ಟಲಿಲ್ಲ. ಅವಳ ಹಟ ಅವಳಿಗೆ, ನಮ್ಮದು ನಮಗೆ.

ಕುಬಸಕ್ಕೆ ಗಂಡನಿಲ್ಲದವರು ಹೋಗುವುದಿಲ್ಲ. ಅವ್ವ ಹೋದಳು. ಹಿರೇಕೆರೂರಿನ ಬಸ್ಸಿನಲ್ಲಿ ಹೋಳಿಗೆಯ ಬುತ್ತಿಯನ್ನು ಮೇಲೆ ಇಡಲು ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಹಂಸಭಾವಿಯಲ್ಲಿ ಅಕ್ಕನಿಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಅವ್ವ ಬಾಗಿಲ ಪಕ್ಕದ ಮೂಲೆಯಲ್ಲಿ, ಕಂಬಕ್ಕೆ ಆತು ಕೂತಳು. ಬುತ್ತಿ ಬಿಚ್ಚಿದರು. ನಾಲ್ಕು ಪಲ್ಯ, ರೊಟ್ಟಿ, ಚಟ್ನಿ, ಆಮೇಲೆ ಹೋಳಿಗೆ. ಎಲೆ ಹಾಕಿ ಎಲ್ಲರಿಗೂ ಬಡಿಸಿದ್ದಾಯಿತು. ಅಕ್ಕನ ಅತ್ತೆ ಒಂದು ಹೋಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದೇನ್ರಿ, ಹೋಳಿಗಿ ಮ್ಯಾಲೆ ಹೆಬ್ಬಟ್ಟ ಒತ್ತೀರಿ?"

ದೊಡ್ಡವ್ವ, "ನಾವು ಐದು ಮಂದಿ..." ಎಂದು ಶುರುಮಾಡಿದಳು.

ಅಕ್ಕ ನಡುವೆಯೇ ಬಾಯಿ ಹಾಕಿದಳು. "ಅದು ನಮ್ಮವ್ವನ ಸಹಿ ರೀ."

ಅಷ್ಟು ಹೇಳಿ, ತನ್ನ ಎಲೆಯ ಹೋಳಿಗೆಯನ್ನು ಹೆಬ್ಬೆಟ್ಟು ಇದ್ದ ಕಡೆಯಿಂದಲೇ ಮುರಿದು ಬಾಯಿಗಿಟ್ಟುಕೊಂಡಳು. ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳು ತನ್ನ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ್ದನ್ನು ನಾನು ನೋಡಿದೆ, ಅವಳ ಮುಖ ಇವತ್ತಿಗೂ ನೆನಪಿದೆ. ಅಕ್ಕನ ಅತ್ತೆ ಆ ಗುರುತನ್ನು ನೋಡಿದಳು, ಮೂಲೆಯಲ್ಲಿದ್ದ ಅವ್ವನನ್ನು ನೋಡಿದಳು, ತನ್ನದೇ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

"ಇಂಥಾ ಸಹಿ ಓದಾಕ ನನಗೂ ಬರ್ತೈತಿ" ಎಂದು ಅವಳೂ ಮುರಿದಳು.

ಆಗ ಬಾಗಿಲ ಪಕ್ಕದ ಮೂಲೆಯಿಂದ ಅವ್ವ, ಇಡೀ ಮನೆಗೆ ಕೇಳುವಂತೆ ಹೇಳಿದಳು.

"ತುಪ್ಪಾ ಹಚ್ಚಿಕೊಂಡ ತಿನ್ರಿ. ಎಳ್ಳ ಹೋಳಿಗಿ ಒಣಾ ಇರ್ತಾವು."