ಸೊಂಗ್‌ಕುಲ್ ದಡದಲ್ಲಿ ಒಂದು ಬಕೆಟ್ ಬಾರ್ಲಿ

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಸುಳ್ಳು ಹೇಳಿ ಬೆಂಗಳೂರಿನ ಬಸ್ ಹತ್ತಿದೆ. ಕಿರ್ಗಿಸ್ತಾನದಲ್ಲಿ ಏಳು ವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ, ಊಟ ವಸತಿ ಅವರದೇ ಅಂದಿದ್ದೆ. ನಿಜವಾಗಿ ಹೊರಟಿದ್ದು ಬೆಟ್ಟದ ಮೇಲಿನ ಒಂದು ಪ್ರವಾಸಿ ಶಿಬಿರದಲ್ಲಿ ಕುದುರೆ ನೋಡಿಕೊಳ್ಳಲು. ಶಿಬಿರದವರಿಗೂ ಒಂದು ಸುಳ್ಳು ಬರೆದಿದ್ದೆ. "ನಮ್ಮಪ್ಪ ಮೂವತ್ತು ವರ್ಷದಿಂದ ಕುದುರೆ ಫಾರಮ್ಮಿನಲ್ಲಿ ಕೆಲಸ ಮಾಡುತ್ತಾರೆ, ನಾನು ಕುದುರೆಗಳ ನಡುವೆಯೇ ಬೆಳೆದವಳು" ಎಂದು. ಮೊದಲರ್ಧ ನಿಜ. ಅಪ್ಪ ನನ್ನನ್ನು ಲಾಯದ ಗೇಟು ದಾಟಲು ಒಂದು ದಿನವೂ ಬಿಟ್ಟವರಲ್ಲ. ಚಿಕ್ಕವಳಿದ್ದಾಗ ಊಟದ ಕ್ಯಾರಿಯರ್ ಹಿಡಿದು ಗೇಟಿನ ಹೊರಗೆ ನಿಲ್ಲುತ್ತಿದ್ದೆ. ಒಳಗೆ ಅಪ್ಪ ಬೇಯಿಸಿದ ಹುರುಳಿಯ ಬಕೆಟ್ಟನ್ನು ಕುದುರೆಯ ಮುಂದಿಡುತ್ತಿದ್ದರು, ಅದು ಮೂತಿ ಅದ್ದಿ ತಿನ್ನುತ್ತಿತ್ತು. ಕುದುರೆಯ ಬಗ್ಗೆ ನನಗಿದ್ದ ವಿದ್ಯೆ ಅಷ್ಟೇ.

ಸುಳ್ಳು ಹೇಳಿದ್ದಕ್ಕೆ ಆಗ ನಾಚಿಕೆಯೇನೂ ಆಗಲಿಲ್ಲ. ತುಮಕೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದೆ. ಗೆಳತಿಯರ ಜೊತೆ ದೇವರಾಯನದುರ್ಗಕ್ಕೆ ಹೋಗಬೇಕಾದರೂ ಮನೆಗೆ ಫೋನ್ ಮಾಡಿ ಅಪ್ಪಣೆ ಕೇಳಬೇಕಿತ್ತು. ಸಂಜೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಲ್ಲಿ ಟಿಕೆಟ್ ತೆಗೆದಿದ್ದೆ. ಗುಬ್ಬಿಯ ಅತ್ತೆ ಕೊಟ್ಟ ಚಟ್ನಿಪುಡಿ, ಎರಡು ಸ್ವೆಟರು, ಒಂದು ಟಾರ್ಚು ಬ್ಯಾಗಿನಲ್ಲಿದ್ದವು.

ದೆಹಲಿಯಿಂದ ಬಿಷ್ಕೆಕ್‌ಗೆ ವಿಮಾನದಲ್ಲಿ ಮೂರೂವರೆ ಗಂಟೆ. ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟುಕೊಂಡರೆ ಸಾಕು. ಅಲ್ಲಿಂದ ನಮ್ಮ ಟೆಂಪೋದಂತೆ ಜನ ತುಂಬಿದ ಮೇಲೇ ಹೊರಡುವ ಒಂದು ವ್ಯಾನು ಹಿಡಿದು, ನಾಲ್ಕು ಗಂಟೆಯಲ್ಲಿ ಕೊಚ್ಕೋರ್ ಎಂಬ ಊರಿಗೆ ಬಂದೆ. ಶಿಬಿರದ ಒಡತಿ ಗುಲ್ನಾರಾ ಕಾಯುತ್ತಿದ್ದರು. ಅಪ್ಪನ ವಯಸ್ಸಿನವರು, ಹಿಂದೆ ಶಾಲೆಯಲ್ಲಿ ಟೀಚರ್ ಆಗಿದ್ದರಂತೆ, ಮುರುಕು ಇಂಗ್ಲಿಷ್ ಬರುತ್ತಿತ್ತು. "ಮೇಡಂ ಬೇಡ. ಎಜೆ ಅನ್ನು. ಅಕ್ಕ ಅಂತ ಅರ್ಥ" ಅಂದರು. ಜೀಪಿನಲ್ಲಿ ಮತ್ತೆ ಮೂರು ಗಂಟೆ ಹತ್ತಿದೆವು. ಬೇಸಿಗೆಯೆಂದರೂ ಕಣಿವೆಯ ನೆರಳಲ್ಲಿ ಹಿಮ ಕರಗದೆ ಉಳಿದಿತ್ತು.

ಸೊಂಗ್‌ಕುಲ್ ಸರೋವರದ ಸುತ್ತ ಒಂದು ಮರವೂ ಇಲ್ಲ. ಹುಲ್ಲು, ನೀರು, ಕಂಬಳಿ ಹೊದಿಸಿದ ಆರು ದುಂಡು ಡೇರೆಗಳು. ಒಲೆಗೆ ಸೌದೆಯ ಬದಲು ಬೆರಣಿ. ವಿಮಾನ ಹತ್ತಿ ಇಷ್ಟು ದೂರ ಬಂದು ಬೆರಣಿ ಆರಿಸುವ ಹಣೆಬರಹ ನೋಡಿ ನನಗೇ ನಗು ಬಂತು. ಬೆಳಿಗ್ಗೆ ರೊಟ್ಟಿ, ಕೆನೆ, ಚಹಾ. ಮಧ್ಯಾಹ್ನ ಕುರಿಮಾಂಸದ ಸಾರು. ಹುಳಿ ಬರಿಸಿದ ಕುದುರೆಯ ಹಾಲು ಮಾತ್ರ ಎರಡನೇ ಗುಟುಕಿಗೇ ಸಾಕಾಯಿತು.

ಕೆಲಸ ಕಷ್ಟದ್ದಲ್ಲ. ಪ್ರವಾಸಿಗರು ಹತ್ತುವಾಗ ಲಗಾಮು ಹಿಡಿಯುವುದು, ಸಂಜೆ ನೀರಿಗೆ ಕರೆದೊಯ್ಯುವುದು. ಗುಲ್ನಾರಾ ಎಜೆಯ ಗಂಡ ಎರ್ಲಾನ್ ಮಾತು ಕಮ್ಮಿಯ ಮನುಷ್ಯ, ಕೈಸನ್ನೆಯಲ್ಲೇ ಕಲಿಸಿದರು. ಅಲ್ಲಿ ಕುದುರೆಗೆ ಹೆಸರಿಡುವುದಿಲ್ಲ, ಬಣ್ಣದಿಂದಲೇ ಕರೆಯುತ್ತಾರೆ. ಕಂದು ಬಣ್ಣದ್ದಕ್ಕೆ ತೊರು. ನಮ್ಮ ತೊರು ವಯಸ್ಸಾದ ಸಾಧು ಪ್ರಾಣಿ. ಹೆದರುವ ಮಕ್ಕಳನ್ನು ಅದರ ಮೇಲೇ ಕೂರಿಸುತ್ತಿದ್ದರು. ನಾನೂ ಸವಾರಿ ಕಲಿತದ್ದು ಅದರ ಬೆನ್ನ ಮೇಲೆ. ಬಿಡುವಿನ ವೇಳೆ ದಡ ಹಿಡಿದು ಒಬ್ಬಳೇ ಮೈಲಿಗಟ್ಟಲೆ ನಡೆಯುತ್ತಿದ್ದೆ. ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯ ಎಂದು ಕೇಳುವವರಿರಲಿಲ್ಲ. ಐದು ವಾರ ಖುಷಿಯಾಗಿದ್ದೆ ಎಂಬುದನ್ನು ಮುಚ್ಚಿಡಲಾರೆ.

ಹೊರಡಲು ಹತ್ತು ದಿನ ಬಾಕಿ ಇತ್ತು. ಎರಡು ದಿನದ ಸವಾರಿ ಮುಗಿಸಿ ತೊರು ಬೆಳಿಗ್ಗೆ ಹನ್ನೊಂದಕ್ಕೆ ಬೆವರಿನಲ್ಲಿ ತೊಯ್ದು ಬಂತು. ಎರ್ಲಾನ್ ಅದನ್ನು ಗೂಟಕ್ಕೆ ಕಟ್ಟಿ, ಸೂರ್ಯ ಮುಳುಗುವ ದಿಕ್ಕು ತೋರಿಸಿ, ಬಾಯಿಗೆ ಕೈಯಿಟ್ಟು ಬೇಡವೆಂದು ತಲೆಯಾಡಿಸಿದರು. ಸಂಜೆವರೆಗೆ ಏನೂ ಕೊಡಬೇಡ ಎಂದು. ಹೇಳಿ ಉಳಿದ ಕುದುರೆಗಳನ್ನು ತರಲು ಗುಡ್ಡದಾಚೆ ಹೋದರು. ತೊರು ತಲೆ ತಗ್ಗಿಸಿ ನಿಂತಿತ್ತು. ಇಷ್ಟು ದುಡಿದ ಪ್ರಾಣಿಯನ್ನು ಉಪವಾಸ ಕಟ್ಟುವುದೇ, ನಮ್ಮಪ್ಪನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅಂದುಕೊಂಡೆ. ಅಡುಗೆ ಡೇರೆಯಲ್ಲಿ ಬಾರ್ಲಿಯ ಮೂಟೆಯಿತ್ತು. ಬೇಯಿಸಿ, ಬಕೆಟ್ ತುಂಬ ತಂದು ಅದರ ಮುಂದಿಟ್ಟೆ. ಮೂತಿ ಅದ್ದಿ ತಳ ಕಾಣುವವರೆಗೂ ತಿಂದಿತು.

ಆಮೇಲೆ ತಿಳಿದದ್ದು, ಬಕೆಟ್ ಇಡುವ ಮೊದಲು ಅಪ್ಪ ಕುದುರೆಯನ್ನು ಗಂಟೆಗಟ್ಟಲೆ ನಡೆಸಿ ಮೈ ಆರಿಸುತ್ತಿದ್ದರಂತೆ. ಬರೀ ಹುಲ್ಲು ತಿಂದು ಬೆಳೆದ ಕುದುರೆಗೆ ಒಮ್ಮೆಲೇ ಕಾಳು ಹಾಕಬಾರದಂತೆ. ಗೇಟಿನ ಹೊರಗಿನಿಂದ ಅದ್ಯಾವುದೂ ಕಂಡಿರಲಿಲ್ಲ.

ಮಧ್ಯಾಹ್ನ ಒಂದಕ್ಕೆ ತೊರು ಕಾಲಿಂದ ನೆಲ ಕೆರೆಯತೊಡಗಿತು. ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಂಡಿತು. ಮಲಗಿತು, ಎದ್ದಿತು. ಗುಲ್ನಾರಾ ಎಜೆ ಡೇರೆಯೊಳಗೆ ಅತಿಥಿಗಳಿಗೆ ಬಡಿಸುತ್ತಿದ್ದರು, ಹತ್ತು ಹೆಜ್ಜೆ ದೂರ. ಹೇಳಿದರೆ ಏನು ತಿನ್ನಿಸಿದೆ ಎಂದು ಕೇಳುತ್ತಾರೆ. ತಾನಾಗಿಯೇ ಸರಿಹೋಗಲಿ ದೇವರೇ ಎಂದು ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎರಡು ಗಂಟೆ ಕೂತಿದ್ದೆ.

ಮೂರಕ್ಕೆ ಎರ್ಲಾನ್ ಬಂದು ನೋಡಿ ಕೂಗಿಕೊಂಡರು. ಎಜೆ ಓಡಿ ಬಂದರು. "ನಿಮ್ಮಪ್ಪ ಕುದುರೆ ಬಲ್ಲವರು, ಕೇಳು, ಬೇಗ!" ಅಂದರು. ಸಿಗ್ನಲ್ ಸಿಗುತ್ತಿದ್ದದ್ದು ಹಿಂದಿನ ದಿಬ್ಬದ ಮೇಲೆ ಮಾತ್ರ. ಏದುಸಿರಲ್ಲಿ ಹತ್ತಿ ಫೋನ್ ಮಾಡಿದೆ.

"ಅಪ್ಪಾ, ಇಲ್ಲೊಂದು ಕುದ್ರೆಗೆ ಹೊಟ್ಟೆನೋವು. ಒದ್ದಾಡ್ತಾ ಇದೆ."

ಮಕ್ಕಳಿಗೆ ಪಾಠ ಹೇಳುವವಳಿಗೆ ಕುದುರೆ ಎಲ್ಲಿಂದ ಬಂತೆಂದು ಅಪ್ಪ ಕೇಳಲಿಲ್ಲ.

"ಯಾವಾಗ್ಲಿಂದ?"

"ಈಗ... ಈಗ ತಾನೇ."

"ಏನ್ ತಿಂದಿತ್ತು?"

"ಹುಲ್ಲು."

"ಹಂಗಾರೆ ಗಾಳಿ ತುಂಬ್ಕೊಂಡದೆ, ಹೆದರ್ಬೇಡ ಕಣವ್ವ. ನಡೆಸ್ರಿ. ಮಲಗಕ್ಕೆ ಬುಡ್ಬೇಡಿ. ಸರಿಹೋಯ್ತದೆ."

"ಡಾಕ್ಟ್ರು ಬೇಕಾ?"

"ಈಗ ಶುರುವಾಗಿದ್ರೆ ಬೇಡ."

ಕೆಳಗೆ ಬಂದಾಗ ಅತಿಥಿಗಳ ಜೀಪು ಕೊಚ್ಕೋರಿಗೆ ಹೊರಡುವುದರಲ್ಲಿತ್ತು. ಡಾಕ್ಟರನ್ನು ಕರೆತರಲು ಹೇಳಲೇ ಎಂದು ಎಜೆ ಕೇಳಿದರು. "ಅಪ್ಪ ಬೇಡವೆಂದರು" ಅಂದೆ. ಜೀಪು ಹೋಯಿತು.

ನಾವು ಮೂವರೂ ಸರದಿಯಲ್ಲಿ ತೊರುವನ್ನು ನಡೆಸಿದೆವು. ಅದಕ್ಕೆ ನಡೆಯಲಾಗುತ್ತಿರಲಿಲ್ಲ. ನಾನು ಲಗಾಮು ಹಿಡಿದು ಎಳೆಯುತ್ತಿದ್ದೆ, ಅದು ಒಂದೊಂದು ಹೆಜ್ಜೆಗೂ ನರಳುತ್ತಿತ್ತು. ಆರು ಗಂಟೆಗೆ ಮುಂಗಾಲು ಮಡಿಸಿ ಬಿತ್ತು, ಮತ್ತೆ ಏಳಲಿಲ್ಲ. ಎರ್ಲಾನ್ ಅದರ ಕೊರಳು ಸವರಿದರು, ಪ್ರಾರ್ಥನೆ ಹೇಳಿದರು, ಚಾಕು ತೆಗೆದರು. ತಾನಾಗಿ ಸತ್ತರೆ ಅವರಲ್ಲಿ ಮಾಂಸ ತಿನ್ನುವಂತಿಲ್ಲ. ನಾನು ಸರೋವರದ ಕಡೆ ಮುಖ ಮಾಡಿ ನಿಂತೆ.

ಕೆಲಸ ಮುಗಿಸಿ ಕೈ ತೊಳೆಯಲು ಬಂದ ಎರ್ಲಾನ್ ನನ್ನನ್ನೇ ದಿಟ್ಟಿಸಿದರು. ಎಜೆಗೆ ಅವರ ಭಾಷೆಯಲ್ಲಿ ಒಂದೆರಡು ಮಾತು ಹೇಳಿದರು. ಎಜೆ ನನಗೆ ಚಹಾ ಬಗ್ಗಿಸಿ ಕೊಟ್ಟರು. ಮಾರನೆಯ ದಿನ ನೆರೆಯ ಡೇರೆಗಳಿಗೆಲ್ಲ ಮಾಂಸ ಹಂಚಿದರು. ನನ್ನ ತಟ್ಟೆಗೂ ಒಂದು ತುಂಡು ಬಂತು. ಬೇಡವೆಂದರೆ ಯಾಕೆನ್ನುತ್ತಾರೋ ಎಂಬ ಭಯಕ್ಕೆ ತಿಂದೆ. ಅಗಿಯುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎಲ್ಲರೂ ನೋಡದವರಂತೆ ನಟಿಸಿದರು. ಉಳಿದ ದಿನಗಳಲ್ಲಿ ನಾನು ದಡದಲ್ಲಿ ಅಡ್ಡಾಡಲಿಲ್ಲ. ಹೊರಡುವ ದಿನ ಎಜೆ ಅಪ್ಪಿಕೊಂಡು, "ಇನ್ನೇನಾದರೂ ಹೇಳುವುದಿದೆಯಾ?" ಎಂದು ಕೇಳಿದರು. "ತುಂಬಾ ಥ್ಯಾಂಕ್ಸ್" ಅಂದೆ.

ಕುಣಿಗಲ್ಲಿನಲ್ಲಿ ಬಸ್ಸಿಳಿದಾಗ ಅಪ್ಪ ನಿಂತಿದ್ದರು. ಬ್ಯಾಗು ಇಸಿದುಕೊಂಡು, ನನ್ನ ಮುಖವನ್ನೂ ಸರಿಯಾಗಿ ನೋಡದೆ, "ಕುದ್ರೆ ಏನಾಯ್ತು?" ಅಂದರು. ಹೋಯಿತು ಅಂದೆ. ಸುಳ್ಳು ಹೇಳಿ ಹೋದದ್ದಕ್ಕೆ ಬೈಗುಳ ತಿನ್ನಲು ತಯಾರಾಗಿ ಬಂದಿದ್ದೆ, ಅವರು ಆ ಮಾತೇ ಎತ್ತಲಿಲ್ಲ. ಆದರೆ ಅಂದಿನಿಂದ ಉಣ್ಣುವಾಗ, ಮುಖ ತೊಳೆಯುವಾಗ ಅವರಿಗೆ ಅದೇ ಗುಂಗು. "ಶುರುವಾಗ್ತಿದ್ದಂಗೆ ಕೈಗ್ ಸಿಕ್ಕಿದ್ ಕುದ್ರೆ ಒಂದೂ ಹೋಗಿಲ್ಲ ಕಣವ್ವ. ನಾನೇ ಏನೋ ತಪ್ ಹೇಳ್ಬುಟ್ಟೆ. ವಯಸ್ಸಾಯ್ತು, ಅಂದಾಜ್ ಸಿಗ್ತಾ ಇಲ್ಲ." ನಾಲ್ಕು ದಿನ ಕೇಳಿಸಿಕೊಂಡೆ. ಐದನೇ ದಿನ ಫಾರಮ್ಮಿಗೆ ಹೊರಡದೆ ಜಗಲಿಯಲ್ಲಿ ಕೂತುಬಿಟ್ಟಿದ್ದರು. ನೋಡಲಾಗಲಿಲ್ಲ.

"ಅಪ್ಪಾ, ನಾನ್ ಫೋನ್ ಮಾಡೋ ಹೊತ್ತಿಗೆ ಶುರುವಾಗಿ ಎರಡು ಗಂಟೆ ದಾಟಿತ್ತು. ತಿಂದಿದ್ದು ಹುಲ್ಲಲ್ಲ, ಬಾರ್ಲಿ. ಹಾಕಿದ್ದು ನಾನೇ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಅಷ್ಟೊತ್ತು ನೋವಲ್ಲಿರೋದನ್ನ ನಡೆಸಬಾರ್ದಿತ್ತು" ಅಂದರು, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ಕೇಳಿದರು, "ಅವ್ರಿಗೆ ಹೇಳಿದ್ಯಾ?"

"ಇಲ್ಲ."

"ಫೋನ್ ಮಾಡು."

ಶಿಬಿರದ ಡೇರೆಗಳಲ್ಲಿ ಫೋನು ಸಿಗುವುದಿಲ್ಲ. ಭಾನುವಾರ ಎಜೆ ಹಿಟ್ಟು ತರಲು ಕೊಚ್ಕೋರಿಗೆ ಇಳಿಯುತ್ತಾರೆ. ಭಾನುವಾರದವರೆಗೆ ಕಾದೆವು. ಅಪ್ಪ ನನ್ನ ಪಕ್ಕದಲ್ಲೇ ಕೂತರು. ಎಜೆ ಫೋನ್ ಎತ್ತಿದ ಕೂಡಲೇ ಕ್ಷೇಮ ಸಮಾಚಾರ ಕೇಳಲೂ ಬಿಡದೆ ಎಲ್ಲವನ್ನೂ ಹೇಳಿಬಿಟ್ಟೆ. ಅತ್ತ ಕಡೆ ಪೇಟೆಯ ಸದ್ದು ಕೇಳುತ್ತಿತ್ತು.

"ಗೊತ್ತು," ಅಂದರು ಎಜೆ ಕೊನೆಗೆ. "ಹೊಟ್ಟೆ ಸೀಳಿದಾಗ ಬಾರ್ಲಿ ತುಂಬಿತ್ತು. ಎರ್ಲಾನ್ ಆವತ್ತೇ ಹೇಳಿದ. ನೀನಾಗಿ ಹೇಳ್ತೀಯ ಅಂತ ನಾವು ಹತ್ತು ದಿನ ಕಾದೆವು."