ಚೌಡಕ್ಕ ಮಗ್ಗ ನಿಲ್ಲಿಸಿದ ದಿನ

ಯಾರೇ ಬರಲಿ, ಚೌಡಕ್ಕ ಮಗ್ಗ ನಿಲ್ಲಿಸಿದವಳಲ್ಲ. ಮದುವೆಗೆ ಕರೆಯಲು ಬಂದವರಿಗೆ ಹಣೆ ಮಾತ್ರ ಒಡ್ಡುವಳು. ಅವರು ಕುಂಕುಮ ಇಡುವಷ್ಟರಲ್ಲಿ ಅವಳ ಬೆರಳು ಕಡಿದ ನೂಲಿಗೆ ಗಂಟು ಹಾಕಿ ಮುಗಿಸಿರುತ್ತಿತ್ತು. "ನಿಂತ ಮಗ್ಗ ನನ್ನ ಬೈತದೆ ಅಣ್ಣಾ" ಎನ್ನುವಳು.

ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಾನೂ ಅವಳೂ ಇಪ್ಪತ್ತು ವರ್ಷ ಪವರ್‌ಲೂಮ್ ಓಡಿಸಿದೆವು. ಆ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ. ತುಟಿ ನೋಡಿ ಮಾತು ತಿಳಿಯಬೇಕು, ಮುಖ ನೋಡಿ ಮನಸ್ಸು ತಿಳಿಯಬೇಕು. ಅದರಲ್ಲಿ ಚೌಡಕ್ಕನನ್ನು ಮೀರಿಸಿದವರಿಲ್ಲ. ನಾನು ಹೆಂಡತಿ ಹತ್ತಿರ ಬೈಸಿಕೊಂಡು ಬಂದರೆ ಆ ತುದಿಯಿಂದಲೇ ತುಟಿ ಆಡಿಸುವಳು: "ಏನಣ್ಣಾ, ಸಾಂಬಾರಿಗೆ ಉಪ್ಪಿಲ್ಲ ಅಂದ್ಯಾ?"

ನನ್ನ ಮೊಮ್ಮಗಳು ನಂದಿನಿ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು ಓದುವಾಗ ಮಾತು ಬಿಟ್ಟಳು. ಪರೀಕ್ಷೆಯಲ್ಲಿ ಫೇಲಾಗಿದ್ದಳು, ನಾನೂ ಗದರಿಸಿದ್ದೆ. ಕ್ಲಾಸಿನವರು ಫೋನಿನಲ್ಲಿ ಅವಳ ಚಿತ್ರ ಹಾಕಿ ನಗೆಯಾಡುತ್ತಿದ್ದದ್ದು ಮಾತ್ರ ಆಗ ನಮಗೆ ಗೊತ್ತೇ ಇರಲಿಲ್ಲ. ಮಗ್ಗದ ಮನೆಯಲ್ಲಿ ಯಾರು ತಾನೇ ಮಾತಾಡುತ್ತಾರೆ? ಹುಡುಗಿಗೆ ಬುದ್ಧಿ ಬಂತು ಎಂದುಕೊಂಡೆ. ಗೆಜ್ಜೆ, ಬಣ್ಣದ ಪೆನ್ನು, ಪ್ರೀತಿಯ ಹಸಿರು ದುಪಟ್ಟ, ಒಂದೊಂದಾಗಿ ಬೀದಿಯ ಮಕ್ಕಳಿಗೆ ಕೊಟ್ಟುಬಿಟ್ಟಳು. "ನನ್ನ ಮೊಮ್ಮಗಳ ಕೈ ಎಷ್ಟು ದೊಡ್ಡದು ನೋಡು" ಎಂದು ಶೆಡ್ಡಿನಲ್ಲಿ ಹೆಮ್ಮೆ ಪಟ್ಟೆ, ದಡ್ಡ ನಾನು.

ಚೌಡಕ್ಕ ನಗಲಿಲ್ಲ. ಎಲ್ಲ ಮಗ್ಗದ ಸ್ವಿಚ್ಚೂ ಆರಿಸಿದಳು. ಸೀದಾ ಮನೆಯೊಳಗೆ ಹೋಗಿ ನಂದಿನಿ ಪಕ್ಕ ಕೂತು ಕೇಳಿದಳು: "ಸಾಯಬೇಕು ಅನ್ನಿಸ್ತಾ ಇದೆಯಾ ನನ್ನ ಕಣ್ಣೇ?"

ನನಗೆ ಉರಿದುಹೋಯಿತು. "ಮಗೀಗೆ ಅಂಥಾ ಮಾತು ಕಲಿಸ್ತೀಯಾ?"

"ಕೇಳಿದ್ದಕ್ಕೇ ಆ ಯೋಚನೆ ಹುಟ್ಟೋದಿಲ್ಲ ಅಣ್ಣಾ. ಒಳಗಿದ್ರೆ ಹೊರಗೆ ಬರ್ತದೆ. ಹಿಂಗೇ ಎಲ್ಲಾ ಹಂಚಿಬಿಟ್ಟು ಹೋದ ನನ್ನ ತಮ್ಮನ್ನ ಯಾರೂ ಕೇಳಲಿಲ್ಲ."

ನಂದಿನಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾ ಆ ಚಿತ್ರದ ವಿಷಯವನ್ನೂ ಹೇಳಿದಳು. ಚೌಡಕ್ಕ ಬುದ್ಧಿ ಹೇಳಲಿಲ್ಲ, ಆಣೆ ಮಾಡಿಸಲಿಲ್ಲ. "ಒಬ್ಬಳೇ ಹೊರಬೇಡ, ನಾವಿದ್ದೀವಿ" ಎಂದಳು, ಅಷ್ಟೇ. ಅವತ್ತೇ ನಮ್ಮನ್ನು ಬಸ್ಸು ಹತ್ತಿಸಿ ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವಾರವಾರವೂ ಡಾಕ್ಟರ ಹತ್ತಿರ ಜೊತೆಗೆ ಬಂದಳು. ಶಾಲೆಗೆ ಹೋಗಿ, ಆ ಚಿತ್ರ ತೆಗೆಸುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನನ್ನೂ ಬಿಡಲಿಲ್ಲ: "ಮಾರ್ಕು ಎಷ್ಟು ಅನ್ನೋ ಬಾಯಲ್ಲೇ ಮನಸ್ಸು ಹೆಂಗಿದೆ ಅಂತ ಕೇಳು. ದಿನಾ ಕೇಳು."

ಕೇಳಿದೆ. ಸಂಜೆ ಐದಕ್ಕೆ ಮಗ್ಗ ನಿಲ್ಲಿಸಿ ಕೇಳಿದೆ. ಮೊದಮೊದಲು ಹುಡುಗಿ ಗೋಡೆ ನೋಡುತ್ತಿದ್ದಳು. ನಾನು ಬಿಡಲಿಲ್ಲ.

ಹೋದ ವರ್ಷ ಚೌಡಕ್ಕ ಎದೆನೋವಿನಿಂದ ಹೋಗಿಬಿಟ್ಟಳು. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಮೂಗಿಗೆ ಕೊಳವೆ ಇತ್ತು, ದನಿಯೇ ಹೊರಡದು. ತುಟಿ ಮಾತ್ರ ಆಡಿತು. ಪಕ್ಕದಲ್ಲಿದ್ದ ಅವಳ ಮಗಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು: "ಇವತ್ತು ಕೇಳಿದ್ಯಾ?"

ಇವತ್ತು ನಂದಿನಿ ಅಂಥದ್ದೇ ಹಸಿರು ದುಪಟ್ಟ ಹೊದ್ದು ಕಾಲೇಜಿಗೆ ಸೇರಿದಳು! ಬೀದಿಗೆಲ್ಲ ಲಾಡು ಹಂಚಿದೆ. ಮಂಡಿನೋವು ಮರೆತು ಕುಣಿದೇಬಿಟ್ಟೆ. ಆದರೂ ಐದಾಯಿತು, ಮಗ್ಗ ನಿಲ್ಲಿಸಿದೆ.

"ಇವತ್ತೂ ಕೇಳಬೇಕಾ ತಾತಾ?" ಎಂದು ನಕ್ಕಳು.

ಇವತ್ತೂ ಕೇಳಿದೆ, ಚೌಡಕ್ಕ.